ಪಾಲಿಪ್ ತೆಗೆದಾಯ್ತು, ಮುಂದಿನ ಕೊಲೊನೋಸ್ಕೋಪಿ ಯಾವಾಗ?

ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮುಗಿದು ಮಂಪರು ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಆಗಲೇ ಯಾರೋ ಬಂದು ಹೇಳುತ್ತಾರೆ: ‘ಒಂದು ಪಾಲಿಪ್ ಇತ್ತು, ತೆಗೆದಿದ್ದೇವೆ. ಮೂರು ವರ್ಷ ಬಿಟ್ಟು ಬನ್ನಿ.’ ಪಾಲಿಪ್ ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಪುಟ್ಟ ಗಂಟು. ನಾವು ತಲೆ ಆಡಿಸುತ್ತೇವೆ. ನನ್ನ ತಕರಾರು ಇರುವುದೇ ಇಲ್ಲಿ. ಪಾಲಿಪ್ ಇನ್ನೂ ಲ್ಯಾಬ್ ಮುಟ್ಟಿಲ್ಲ. ಅದು ಯಾವ ಜಾತಿಯದು ಅಂತ ಗೊತ್ತಾಗುವ ಮೊದಲೇ ವಾಯಿದೆ ಹೇಗೆ ಗೊತ್ತಾಯ್ತು?

ಪಾಲಿಪ್‌ನ ಅಳತೆ, ಎಣಿಕೆ ಸ್ಕೋಪ್ ರಿಪೋರ್ಟಿನಲ್ಲಿರುತ್ತದೆ. ಜಾತಿ ಬಯಾಪ್ಸಿ ರಿಪೋರ್ಟಿನಲ್ಲಿ, ಅಂದರೆ ತೆಗೆದ ತುಂಡನ್ನು ಲ್ಯಾಬಿನಲ್ಲಿ ನೋಡಿ ಬರೆದದ್ದರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಒಂದರಲ್ಲಿ ‘6 ಮಿ.ಮೀ., ಒಂದೇ ತುಂಡಾಗಿ ತೆಗೆದಿದೆ’ ಅಂತಿದೆ, ಇನ್ನೊಂದರಲ್ಲಿ ‘ಟ್ಯೂಬ್ಯುಲರ್ ಅಡಿನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ’ ಅಂತಿದೆ ಅಂದುಕೊಳ್ಳಿ. ಡಿಸ್‌ಪ್ಲೇಸಿಯಾ ಅನ್ನೋ ಪದ ನೋಡಿ ನಿದ್ದೆ ಕೆಡಿಸಿಕೊಂಡವರು ಎಷ್ಟೋ ಜನ. ಅಡಿನೋಮಾ ಅಂದರೆ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿಯ ಪಾಲಿಪ್; ಡಿಸ್‌ಪ್ಲೇಸಿಯಾ ಅಂದರೆ ಅದರ ಕೋಶಗಳ ರೂಪ ಕೆಟ್ಟಿರುವುದು, ಲೋ ಗ್ರೇಡ್ ಅಂದರೆ ಸ್ವಲ್ಪವೇ. ಅಡಿನೋಮಾ ಅಂದಮೇಲೆ ಅಷ್ಟು ಇದ್ದೇ ಇರುತ್ತದೆ. 10 ಮಿ.ಮೀ.ಗಿಂತ ಚಿಕ್ಕದಾದ ಇಂಥ ಪಾಲಿಪ್ ಒಂದೋ ಎರಡೋ ಇದ್ದರೆ, 2020ರ ಅಮೆರಿಕದ ಮಾರ್ಗಸೂಚಿ ಹೇಳುವುದು 7ರಿಂದ 10 ವರ್ಷ. ಮೊದಲು ಅದೇ 5ರಿಂದ 10 ಇತ್ತು. ಅದೇ ವರ್ಷ ಯುರೋಪಿನವರು ಇನ್ನೂ ಮುಂದೆ ಹೋದರು: ಇಂಥವು ನಾಲ್ಕರವರೆಗೆ ಇದ್ದರೂ ವಿಶೇಷ ನಿಗಾ ಬೇಡ, ಎಲ್ಲರಿಗೂ ಮಾಡುವ ತಪಾಸಣೆ ಸಾಕು ಅಂದರು.

ಹಾಗಾದರೆ ಮೂರು ವರ್ಷ ಯಾರಿಗೆ? ಪಾಲಿಪ್ 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ, ಡಿಸ್‌ಪ್ಲೇಸಿಯಾ ಹೈ ಗ್ರೇಡ್ (ಹೆಚ್ಚು ಕೆಟ್ಟದ್ದು) ಇದ್ದರೆ, ಐದರಿಂದ ಹತ್ತು ಇದ್ದರೆ. ಅಮೆರಿಕದ ಪಟ್ಟಿಯಲ್ಲಿ ‘ವಿಲ್ಲಸ್’ (ಬೆರಳಿನಂಥ ಚಾಚುಗಳಿರುವ ಬೆಳವಣಿಗೆ) ಅನ್ನೋ ಪದ ಕಂಡರೂ ಮೂರೇ. 20 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದನ್ನು ಚೂರು ಚೂರಾಗಿ ತೆಗೆದಿದ್ದರೆ ಆರೇ ತಿಂಗಳಿಗೆ ಆ ಜಾಗ ಮತ್ತೆ ನೋಡಬೇಕು, ಯಾಕಂದರೆ ಅಂಚಿನಲ್ಲಿ ಚೂರು ಉಳಿದಿದ್ದರೆ ಅಲ್ಲೇ ಚಿಗುರುತ್ತದೆ. ಇವರೆಲ್ಲ ‘ತೆಗೆದಾಯ್ತಲ್ಲ’ ಅಂತ ಸುಮ್ನೆ ಕೂತರೆ ನನಗೆ ನಿಜಕ್ಕೂ ಭಯ.

ಇನ್ನೊಂದು ಸಾಲು ಯಾರೂ ಓದುವುದಿಲ್ಲ: ಕರುಳು ಎಷ್ಟು ಸ್ವಚ್ಛವಾಗಿತ್ತು ಅನ್ನೋದು. ಹಿಂದಿನ ರಾತ್ರಿ ಆ ಉಪ್ಪುಪ್ಪು ನೀರನ್ನು ಮೂಗು ಹಿಡಿದು ಕುಡಿದು, ಕೊನೆಯ ಎರಡು ಲೋಟ ಸಿಂಕಿಗೆ ಸುರಿದವರಿದ್ದಾರೆ. (ನಾನೂ ಒಮ್ಮೆ ಸುರಿದಿದ್ದೇನೆ, ಒಪ್ಪಿಕೊಳ್ಳುತ್ತೇನೆ.) ಸ್ವಚ್ಛವಿರದಿದ್ದರೆ ಏಳು ವರ್ಷ, ಹತ್ತು ವರ್ಷದ ಲೆಕ್ಕವೇ ನಿಲ್ಲುವುದಿಲ್ಲ. ವರ್ಷದೊಳಗೆ ಮತ್ತೆ ಮಾಡಿಸಬೇಕು.

‘ಬೇಗ ಮಾಡಿಸಿದರೆ ನಷ್ಟ ಏನು?’ ಅಂತ ಕೇಳ್ತೀರಿ. ನಷ್ಟ ಇದೆ. ಅಪರೂಪಕ್ಕೆ ರಕ್ತ ಸೋರುತ್ತದೆ, ಇನ್ನೂ ಅಪರೂಪಕ್ಕೆ ಕರುಳಿಗೆ ತೂತು ಬೀಳುತ್ತದೆ. ಲಾಭ ಇಲ್ಲದ ಕಡೆ ಆ ಅಪಾಯ ಯಾಕೆ ತಗೋಬೇಕು? ಆದರೆ ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಈ ಯಾವ ವಾಯಿದೆಯೂ ಲೆಕ್ಕಕ್ಕಿಲ್ಲ, ತಕ್ಷಣ ಹೋಗಿ. ಮನೆಯವರಲ್ಲಿ ಕರುಳಿನ ಕ್ಯಾನ್ಸರ್ ಇದ್ದವರ ಲೆಕ್ಕವೂ ಬೇರೆ.

ಹಾಗಂತ ನನ್ನ ಮಾತು ಕೇಳಿ ನೀವೇ ತಾರೀಖು ಬದಲಾಯಿಸಬೇಡಿ. ಬಯಾಪ್ಸಿ ಬಂದ ಮೇಲೆ ಡಾಕ್ಟರ್ ಹತ್ತಿರ ಹೋಗಿ, ‘ಮೂರು ವರ್ಷ ಅಂದಿದ್ರಲ್ಲ, ಈ ರಿಪೋರ್ಟ್ ನೋಡಿದ ಮೇಲೂ ಅಷ್ಟೇನಾ?’ ಅಂತ ಕೇಳಿ. ಎರಡೂ ರಿಪೋರ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ. ಏಳು ವರ್ಷದ ಹೊತ್ತಿಗೆ ಡಾಕ್ಟರೂ ಬದಲಾಗಿರಬಹುದು, ಫೋನಂತೂ ಬದಲಾಗಿರುತ್ತದೆ. ಹಾಗಾಗಿ ಇನ್ನೊಬ್ಬರ ಫೋನಿಗೂ ಒಂದು ಕಳಿಸಿಡಿ.