ಮದ್ದು ಬಿಟ್ಟು ಬಂದ ಅಂಗಿ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಮಗುವಿಗೆ ಜ್ವರ ಬಂದಾಗ ಕುಡಿಸುವುದು ಮದ್ದು. ಅಡಿಕೆಗೆ ಕೊಳೆರೋಗ ಬಾರದಂತೆ ಬಿಡುವುದೂ, ಅಂದರೆ ಸಿಂಪಡಿಸುವುದೂ ಮದ್ದು. ಇಲಿಗೆ ಇಡುವುದೂ ಮದ್ದೇ. ನಾನು ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದವಳು. ಒಮ್ಮೆ ಮಕ್ಕಳನ್ನು ಕೇಳಿದ್ದೆ, ಮದ್ದು ಅಂದ್ರೆ ಏನು ಅಂತ. "ಕುಡಿದ್ರೆ ಗುಣ ಆಗ್ತದೆ ಟೀಚರ್" ಎಂದು ಇಡೀ ಕ್ಲಾಸು ಕೂಗಿತು. ಅಂದಿನಿಂದ ಮನೆಯಲ್ಲಿ ತೋಟದ ಮದ್ದಿಗೆ ನಾನು ವಿಷ ಎಂದೇ ಹೇಳುತ್ತೇನೆ. ಮನೆಯವರು ನಗುತ್ತಾರೆ. ನಗಲಿ.

ನಾನು ಹೈಸ್ಕೂಲಿಗೆ ಹೋಗುವಾಗ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಬರುತ್ತಿತ್ತು. ನೋಡಲು ನಾವೆಲ್ಲ ಗುಡ್ಡಕ್ಕೆ ಓಡಿದ್ದೇವೆ. ಅದು ಚೆಲ್ಲುತ್ತಿದ್ದದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಅಂತ. 1970ರ ದಶಕದ ಕೊನೆಯಿಂದ 2000ರವರೆಗೆ, ವರ್ಷಕ್ಕೆ ಎರಡು ಮೂರು ಸಲ. ಬಾವಿಗಾದರೆ ತೆಂಗಿನ ಮಡಲು ಮುಚ್ಚಬಹುದು. ಹರಿಯುವ ತೋಡಿಗೆ ಏನು ಮುಚ್ಚುವುದು? ನಮ್ಮ ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಊರಿನಲ್ಲಿ ಮೊದಲು ಕಂಡದ್ದು ಕಾಲು ಸೊಟ್ಟಗಿದ್ದ ಕರುಗಳು. ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಆಮೇಲೆ ವಾಣಿನಗರದ ಡಾಕ್ಟರ್ ಮೋಹನ ಕುಮಾರ್, ಕೊಡೆಂಕೇರಿ ತೋಡಿನ ಬದಿಯ ಮನೆಗಳಲ್ಲೇ ಯಾಕಿಷ್ಟು ಕಾಯಿಲೆ ಎಂದು ಕೇಳಿದರು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಆ ಮನೆಗಳ ಕಾಯಿಲೆಯ ಮಕ್ಕಳು ದೊಡ್ಡವರಾಗಿದ್ದರು. ಕೆಲವರು ಇವತ್ತಿಗೂ ಅಮ್ಮನ ಕೈತುತ್ತಿನಲ್ಲೇ ಇದ್ದಾರೆ.

ಆ ವಿಷಕ್ಕೆ ಸದ್ದಾದರೂ ಇತ್ತು. ಈಗಿನದು ಅಪ್ಪನ ಅಂಗಿಯಲ್ಲಿ ಸುಮ್ನೆ ಮನೆಯೊಳಗೆ ಬರುತ್ತದೆ.

ತೋಟಕ್ಕೆ ಕಳೆನಾಶಕವೋ ಕೀಟನಾಶಕವೋ ಬಿಟ್ಟು ಬಂದವರು ಜಗಲಿಯಲ್ಲಿ ಕೂರುತ್ತಾರೆ. ಮಗು ಓಡಿ ಬಂದು ಮಡಿಲು ಹತ್ತುತ್ತದೆ. ಅಂಗಿ ಹಿಡಿದ ಕೈ ನೇರ ಬಾಯಿಗೆ. ಮಗು ಎಂದರೆ ಸಣ್ಣ ಅಳತೆಯ ದೊಡ್ಡವರಲ್ಲ. ತೂಕಕ್ಕೆ ಹೋಲಿಸಿದರೆ ಅದು ನಮಗಿಂತ ಜಾಸ್ತಿ ಉಸಿರಾಡುತ್ತದೆ, ಜಾಸ್ತಿ ನೀರು ಕುಡಿಯುತ್ತದೆ. ಇಡೀ ದಿನ ನೆಲದಲ್ಲೇ ಆಟ, ಧೂಳು ಇರುವುದೂ ಅಲ್ಲೇ. ಕೀಟನಾಶಕಗಳಲ್ಲಿ ಹೆಚ್ಚಿನವು ಹುಳದ ನರಕ್ಕೆ ಹೊಡೆಯುತ್ತವೆ. ಮಗುವಿನ ಮಿದುಳು, ನರ ಇನ್ನೂ ಬೆಳೆಯುತ್ತಿರುತ್ತವೆ, ಅಲ್ವಾ?

ಹಾಗಾಗಿ ಮದ್ದು ಬಿಟ್ಟವರು ಮೊದಲು ಬಚ್ಚಲಿಗೆ ಹೋಗಲಿ, ಮಗು ಎಷ್ಟೇ ಅತ್ತರೂ. ಆ ಬಟ್ಟೆ ಬೇರೆಯೇ ಒಗೆಯಬೇಕು, ಮಗುವಿನ ಚಡ್ಡಿಯ ಜೊತೆಗಲ್ಲ. ಮದ್ದಿನ ಡಬ್ಬವನ್ನು ತೋಡಿನಲ್ಲಿ ತೊಳೆಯಬೇಡಿ. ಕೆಳಗಿನ ಮನೆಯವರು ಅದೇ ನೀರಿಗೆ ಕೊಡ ಹಿಡಿಯುತ್ತಾರೆ.

ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮಿಶ್ರಣ ಬರೀ ಸುಣ್ಣ, ಮೈಲುತುತ್ತು ತಾನೇ ಎನ್ನುವವರಿದ್ದಾರೆ. ಮೈಲುತುತ್ತಿನ ಹರಳನ್ನು ಒಮ್ಮೆ ಮಗುವಿನ ಕಣ್ಣಿನಿಂದ ನೋಡಿ. ನೀಲಿ ಕಲ್ಲುಸಕ್ಕರೆ! ನುಂಗಿದರೆ ಹೊಟ್ಟೆ ಸುಟ್ಟು ಹೋಗುತ್ತದೆ. ಉಳಿದ ಹರಳು ಪಡಸಾಲೆಯ ಮೂಲೆಯಲ್ಲಿ ಬೇಡ, ಬೀಗವಿರುವ ಕಡೆ ಇರಲಿ. ಇನ್ನು ಉಳಿದ ಮದ್ದನ್ನು ಜ್ಯೂಸ್ ಬಾಟಲಿಗೆ ಸುರಿದಿಡುವ ಅಭ್ಯಾಸ. ಇದೊಂದನ್ನು ಮಾತ್ರ ನನಗೆ ಸಮಾಧಾನದಲ್ಲಿ ಹೇಳಲು ಬರುವುದಿಲ್ಲ. ನಮ್ಮ ಮನೆಯಲ್ಲೇ ಹಾಗೆ ಇಟ್ಟದ್ದನ್ನು ಮೊಮ್ಮಗ ಮುಚ್ಚಳ ತಿರುಗಿಸುವಾಗ ಕಂಡೆ. ಇಟ್ಟವಳು ನಾನೇ.

ಒಂದು ವೇಳೆ ಮಗು ಕುಡಿದೇ ಬಿಟ್ಟರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಿಷ ಶ್ವಾಸಕೋಶಕ್ಕೆ ಹೋಗಬಹುದು. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ, ಸಾಬೂನು ಹಾಕಿ ತೊಳೆಯಿರಿ. ಮತ್ತೆ ಸೀದಾ ಆಸ್ಪತ್ರೆಗೆ. ಹೋಗುವಾಗ ಆ ಮದ್ದಿನ ಡಬ್ಬವೂ ಕೈಯಲ್ಲಿರಲಿ, ಚೀಟಿ ಅರ್ಧ ಹರಿದಿದ್ದರೂ ಪರವಾಗಿಲ್ಲ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ನಮಸ್ಕಾರ.