ಬಲೂನಿಗೆ ಮೊದಲು ಫ್ರೀಜರು

ಕೇಳುಗರಿಗೆ ನಮಸ್ಕಾರ. ಡೊಂಬಿವಲಿ, ಮುಲುಂಡ್, ಮೀರಾರೋಡಿನ ನಮ್ಮ ಕನ್ನಡದ ಮನೆಗಳಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ದಯವಿಟ್ಟು ರೇಡಿಯೊ ಹತ್ತಿರ ಕರೆಯಿರಿ.

1940ರ ದಶಕದಲ್ಲಿ ಹೋಮಿ ಭಾಭಾ ಬೆಂಗಳೂರಿನಲ್ಲಿದ್ದಾಗ ಬಲೂನಿಗೆ ಉಪಕರಣ ಕಟ್ಟಿ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ಅಳೆದರು. ಅವರು ನಮ್ಮ ಮುಂಬಯಿಯ ಕೊಲಾಬಾದಲ್ಲಿ ಬೆಳೆಸಿದ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಇವತ್ತಿಗೂ ಹೈದರಾಬಾದಿನಿಂದ ದೊಡ್ಡ ಬಲೂನುಗಳನ್ನು ಹಾರಿಸುತ್ತದೆ. ಈಗ ವಿದ್ಯಾರ್ಥಿಗಳೂ ಉಪಕರಣ ಕಟ್ಟುತ್ತಾರೆ. ಸಂತೋಷ. ಆದರೆ ಹಾರಿಸುವ ಅವಸರ ಇದ್ದಷ್ಟು ಪರೀಕ್ಷಿಸುವ ತಾಳ್ಮೆ ಇರುವುದಿಲ್ಲ. ನಾನು ಹೇಳುವುದು ಒಂದೇ: ಮೇಲೆ ಕೆಡುವುದು ಇಲ್ಲೇ ಕೆಡಲಿ.

ಡೊಂಬಿವಲಿಯ ಮೂವರು ಹುಡುಗರು ಒಂದು ಥರ್ಮೋಕೋಲ್ ಡಬ್ಬಿ ಹಿಡಿದು ನನ್ನ ಹತ್ತಿರ ಬಂದಿದ್ದರು. ಒಳಗೆ ಇಂಥ ಕಿರಣಗಳನ್ನು ಎಣಿಸುವ ಗೈಗರ್ ಕೌಂಟರ್, ತಾಪಮಾಪಕ, ಮೆಮೊರಿ ಕಾರ್ಡು. "ಸರ್, ಮೇಜಿನ ಮೇಲೆ ರಾತ್ರಿಯಿಡೀ ಓಡಿದೆ" ಅಂದರು. ಫ್ರೀಜರಿನಲ್ಲಿ ಓಡಿದೆಯೇನಪ್ಪಾ ಅಂದೆ. ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ ಕುಂದಾಪುರದ ಕಡೆಯವನು. ಅವನ ಮನೆಯ ಫ್ರೀಜರಿನಲ್ಲಿ ಬಂಗುಡೆ ಸರಿಸಿ ಡಬ್ಬಿಗೆ ಜಾಗ ಮಾಡಿದರು. ಅವನ ಅಮ್ಮ ಬೈದದ್ದು ಬೇರೆ ಕಥೆ, ಬಿಡಿ. ಬೆಳಿಗ್ಗೆ ನೋಡಿದರೆ ಕಾರ್ಡಿನಲ್ಲಿ ನಾಲ್ಕೇ ಸಾಲು!

ಪೆನ್ ಸೆಲ್ ಚಳಿಗೆ ಸೊರಗಿತ್ತು, ಅದು ಸಹಜ. ತಮಾಷೆ ಅದಲ್ಲ. ವೋಲ್ಟೇಜ್ ಇಳಿದಾಗಲೆಲ್ಲ ಯಂತ್ರ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಆನ್ ಆದಾಗಲೆಲ್ಲ ಇವರ ಪ್ರೋಗ್ರಾಂ ಹಳೆಯ ಫೈಲನ್ನು ಅಳಿಸಿ ಹೊಸದಾಗಿ ಬರೆಯುತ್ತಿತ್ತು. ಹಾಗೆಯೇ ಹಾರಿಸಿದ್ದರೆ? ಪ್ಯಾರಾಶೂಟ್ ಬಿಚ್ಚಿ, ಡಬ್ಬಿ ಯಾರದೋ ಕಬ್ಬಿನ ಗದ್ದೆಯಲ್ಲಿ ಸಿಕ್ಕಿ, ಪೇಡೆ ಹಂಚಿ, ಆಮೇಲೆ ಕಾರ್ಡು ತೆರೆದು ನೋಡಿದರೆ ಏನೂ ಇಲ್ಲ. ಲಿಥಿಯಂ ಸೆಲ್ ಹಾಕಿಸಿದೆ, ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿಸಿದೆ. ಮತ್ತೆ ಫ್ರೀಜರಿಗೆ ಕಳಿಸಿದೆ. ಗೊಣಗಿದರು. ಗೊಣಗಲಿ.

ನೆನಪಿಡಿ, ಮನೆಯ ಫ್ರೀಜರು ಬರೀ ಮೈನಸ್ 18 ಡಿಗ್ರಿ. ನಮ್ಮ ನೆತ್ತಿಯ ಮೇಲೆ 16, 17 ಕಿಲೋಮೀಟರಿನಲ್ಲಿ ಮೈನಸ್ 80ರ ಆಸುಪಾಸು. ಹದಿನೆಂಟಕ್ಕೇ ಸಾಯುವುದು ಎಂಬತ್ತಕ್ಕೆ ಬದುಕೀತೇ?

ಸಮಯ ಆಯಿತೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಉಳಿದದ್ದನ್ನು ಓಡಿಸುತ್ತೇನೆ. 30 ಕಿಲೋಮೀಟರಿನಲ್ಲಿ ಗಾಳಿಯ ಒತ್ತಡ ಇಲ್ಲಿಯ ನೂರರಲ್ಲಿ ಒಂದು ಪಾಲು. ಅಷ್ಟು ತೆಳುವಾದ ಗಾಳಿಯಲ್ಲಿ ಗೈಗರಿನ ನಾನೂರು ವೋಲ್ಟು ಸುಲಭವಾಗಿ ಕಿಡಿ ಹಾರಿಸುತ್ತದೆ. ತಂತಿಯ ತುದಿಗಳನ್ನು ಸಿಲಿಕೋನ್ ಹಚ್ಚಿ ಮುಚ್ಚಿ, ಕಾಲೇಜಿನಲ್ಲಿ ಪಂಪು ಹಚ್ಚಿ ಗಾಳಿ ತೆಗೆಯುವ ನಿರ್ವಾತ ಪಾತ್ರೆಯೊಳಗೆ ಇಟ್ಟು ನೋಡಿ. ಎಷ್ಟೋ ಜಿಪಿಎಸ್ ಚಿಪ್ಪುಗಳು 18 ಕಿಲೋಮೀಟರ್ ದಾಟಿದರೆ ಮಾತೇ ಆಡುವುದಿಲ್ಲ, ಕೊಳ್ಳುವ ಮೊದಲೇ ವಿಚಾರಿಸಿ. ಮುಂಬಯಿಯ ತಾರಸಿಯಿಂದ ಹಾರಿಸುವ ಯೋಚನೆ ಮಾತ್ರ ಬೇಡ. ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ಸಮುದ್ರ. ವಿಮಾನಯಾನ ಇಲಾಖೆಯ ಅನುಮತಿ ಬೇಕೇ ಬೇಕು. ಅರ್ಜಿ ಹಾಕಿ ಕಾಯುವಾಗ ಫ್ರೀಜರಿನಲ್ಲಿ ಇನ್ನೊಂದು ರಾತ್ರಿ ಇಡಿ, ಅಮ್ಮನನ್ನು ಕೇಳಿ. ನಮಸ್ಕಾರ.