ಆಲೂಗಡ್ಡೆ ಹುಳಗಳ ಶಾಲೆ

ಕೇಳುಗರಿಗೆ ನಮಸ್ಕಾರ.

ಜರ್ಮನಿಯಲ್ಲಿ ಆಲೂಗಡ್ಡೆ ಗಿಡ ತಿನ್ನುವ ಒಂದು ಹುಳ ಇದೆ. ಹಳದಿ ಮೈ, ಅದರ ಮೇಲೆ ಕಪ್ಪು ಪಟ್ಟೆ. 1946ರಲ್ಲಿ ಅಲ್ಲಿನ ಜನ ಅಮೆರಿಕದ ಸೈನಿಕರ ಒಂದು ಪಡೆಗೆ ಈ ಹುಳದ ಹೆಸರನ್ನೇ ಇಟ್ಟುಬಿಟ್ಟರು. ಯಾಕೆ ಗೊತ್ತಾ? ಆ ಪಡೆಯವರ ಹೆಲ್ಮೆಟ್ಟಿಗೆ ಹಳದಿ, ನೀಲಿ ಪಟ್ಟೆ ಬಳಿದಿದ್ದರು. ಜೀಪಿಗೂ ಅದೇ ಬಣ್ಣ. ತೋಳಿನ ಬಿಲ್ಲೆಯ ಮೇಲೆ ಇಂಗ್ಲಿಷಿನ 'ಸಿ' ಅಕ್ಷರ, ಅದನ್ನು ಸೀಳಿಕೊಂಡು ಹೋಗುವ ಕೆಂಪು ಮಿಂಚು.

ಪಡೆಯ ಹೆಸರು ಕಾನ್‌ಸ್ಟಾಬ್ಯುಲರಿ. ಯುದ್ಧ ಮುಗಿದಿತ್ತು, ಅಮೆರಿಕದ ಸೈನಿಕರಿಗೆಲ್ಲ ಊರಿಗೆ ಹೋಗುವ ಆತುರ. ಸೈನ್ಯ ದಿನದಿಂದ ದಿನಕ್ಕೆ ಕರಗುತ್ತಿತ್ತು. ಆದರೆ ಗೆದ್ದ ನೆಲವನ್ನು ನೋಡಿಕೊಳ್ಳುವವರು ಬೇಕಲ್ವಾ? ಕಡಿಮೆ ಜನ, ಜಾಸ್ತಿ ಓಡಾಟ ಅನ್ನುವ ಲೆಕ್ಕದಲ್ಲಿ 1946ರ ಜುಲೈ 1ರಿಂದ ಈ ಪೊಲೀಸ್ ಪಡೆ ಕೆಲಸ ಶುರು ಮಾಡಿತು. ಮುಖ್ಯಸ್ಥ ಜನರಲ್ ಅರ್ನೆಸ್ಟ್ ಹಾರ್ಮನ್.

ತೊಂದರೆ ಇದ್ದದ್ದು ಬೇರೆ ಕಡೆ. ಪಳಗಿದ ಸೈನಿಕರು ಹಡಗು ಹತ್ತುತ್ತಿದ್ದರು, ಅವರ ಜಾಗಕ್ಕೆ ಹೊಸ ಹುಡುಗರು ಬರುತ್ತಿದ್ದರು. ಸೈನಿಕನಿಗೆ ಎದುರಿಗಿರುವವನು ಶತ್ರು. ಪೊಲೀಸಿನವನಿಗೆ ಹಾಗಲ್ಲ. ಎದುರಿಗಿರುವವನು ಕಳ್ಳನೂ ಇರಬಹುದು, ಸುಮ್ನೆ ಹಾಲು ತರಲು ಹೊರಟವನೂ ಇರಬಹುದು. ಈ ವ್ಯತ್ಯಾಸ ಕಲಿಸುವುದಕ್ಕೇ ಒಂದು ಶಾಲೆ ಬೇಕಾಯಿತು.

ಶಾಲೆ ತೆರೆದದ್ದು ಎಲ್ಲಿ ಅಂತೀರಿ? ದಕ್ಷಿಣ ಬವೇರಿಯಾದ ಬೆಟ್ಟಗಳ ನಡುವಿನ ಸೊಂಟ್‌ಹೋಫೆನ್‌ನಲ್ಲಿ. ಅಲ್ಲಿದ್ದ ಕೋಟೆಯಂಥ ಕಟ್ಟಡವನ್ನು ನಾಜಿಗಳು 1934ರಲ್ಲಿ ಕಟ್ಟಲು ಹಿಡಿದಿದ್ದರು, ತಮ್ಮ ಪಕ್ಷದ ನಾಳಿನ ನಾಯಕರನ್ನು ತಯಾರು ಮಾಡಲು. ಮುಂದೆ ಅಲ್ಲಿ ಹಿಟ್ಲರ್ ಹೆಸರಿನ ಶಾಲೆಯೂ ನಡೆಯಿತು. 1944ರಲ್ಲಿ ನಾಜಿ ಪೊಲೀಸರ ಮುಖ್ಯಸ್ಥ ಹಿಮ್ಲರ್ ಇಲ್ಲಿಗೆ ಬಂದು ಸೈನ್ಯದ ಜನರಲ್‌ಗಳ ಮುಂದೆ ಯಹೂದಿಗಳ ಕೊಲೆಯ ಬಗ್ಗೆ ಯಾವ ಮುಚ್ಚುಮರೆಯೂ ಇಲ್ಲದೆ ಮಾತಾಡಿದ. ಹೆಂಗಸರು, ಮಕ್ಕಳನ್ನೂ ಬಿಟ್ಟಿಲ್ಲ ಎಂದು ಸಮರ್ಥಿಸಿಕೊಂಡ.

ಎರಡೇ ವರ್ಷ. ಅದೇ ಕಟ್ಟಡದಲ್ಲಿ ಅಮೆರಿಕದ ಹುಡುಗರು ಜರ್ಮನಿಯ ಇತಿಹಾಸ, ಭೂಗೋಳ, ರಾಜಕೀಯ ಓದುತ್ತಿದ್ದರು. ಅಪರಾಧದ ತನಿಖೆ ಹೇಗೆ, ದಾಖಲೆ ಇಡುವುದು ಹೇಗೆ, ಪೊಲೀಸರು ಹುಡುಕುತ್ತಿರುವವನನ್ನು ಹಿಡಿಯುವುದು ಹೇಗೆ, ಎಲ್ಲ ಪಾಠ.

ಕಲಿತವರೆಲ್ಲ ಸಾಧುಗಳಾದರು ಅಂತ ನಾನು ಹೇಳುವುದಿಲ್ಲ. ಆಗ ಜರ್ಮನಿಯಲ್ಲಿ ಸಿಗರೇಟೇ ದುಡ್ಡು. ಕಾಳಸಂತೆ ಹಿಡಿಯಬೇಕಾದ ಸೈನಿಕರ ಜೇಬಲ್ಲೇ ಸಿಗರೇಟು ಪ್ಯಾಕು ಇರುತ್ತಿತ್ತು! ಆಸೆ ತಡೆಯುವುದು ಸುಲಭವೇ? 1948ರ ಜೂನ್‌ನಲ್ಲಿ ಹೊಸ ಮಾರ್ಕ್ ನೋಟು ಬಂದ ಮೇಲೆ ಸಿಗರೇಟಿನ ಬೆಲೆ ಇಳಿಯಿತು. 1952ರ ಕೊನೆಗೆ ಈ ಪಡೆಯ ಕಡೆಯ ತುಕಡಿಗಳೂ ಮುಚ್ಚಿಹೋದವು.

ಕಟ್ಟಡ ಮಾತ್ರ ಪೊಲೀಸ್ ಪಾಠ ಬಿಡಲಿಲ್ಲ. ಪಶ್ಚಿಮ ಜರ್ಮನಿ ಮತ್ತೆ ತನ್ನದೇ ಸೈನ್ಯ ಕಟ್ಟಿಕೊಂಡಾಗ, ಅದರ ಮಿಲಿಟರಿ ಪೊಲೀಸರ ಶಾಲೆಯೂ ಇಲ್ಲಿಯೇ ಬಹಳ ವರ್ಷ ನಡೆಯಿತು. ಕೋಟೆಗೆ ಹೊಸ ಹೆಸರು ಬಂತು: ಜನರಲ್ ಲುಡ್ವಿಗ್ ಬೆಕ್ ಹೆಸರು. ಹಿಟ್ಲರನನ್ನು ಕೊಲ್ಲುವ ಸಂಚಿನಲ್ಲಿದ್ದು, ಅದು ಕೈಕೊಟ್ಟ 1944ರ ಜುಲೈ 20ರಂದೇ ಪ್ರಾಣ ಬಿಟ್ಟವನು ಈತ. ಹಿಮ್ಲರ್ ಇಲ್ಲಿ ಕಡೆಯ ಸಲ ಮಾತಾಡಿ ಹೋಗಿ ಆಗ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ.